ಕಂದೀಲಿನ ಆಟದ ಧಾಟಿ

ಕೆಳದಿ, ಸಾಗರ ತಾಲ್ಲೂಕು
3 ಫೆಬ್ರುವರಿ 2025

ಯಮುನಮ್ಮನಿಗೆ,

ನಾನು ಕನ್ನಮ್ಮ. ಗುತ್ಯಮ್ಮನವರ ಹಿರಿಯ ಸೊಸೆ, ನಿನ್ನ ಓರಗಿತ್ತಿ, ಈ ಮನೆಯ ಯಜಮಾನಿ, ಹೈಸ್ಕೂಲಿನಲ್ಲಿ ಹತ್ತನೇ ತರಗತಿಯವರೆಗೆ ಓದಿದವಳು. ನಮ್ಮ ದೀವರ ಕೇರಿಯಲ್ಲಿ ಯಾರ ಮನೆಯ ಮದುವೆಯಾದರೂ ಮದುಮಗಳನ್ನು ಹಸೆಗೆ ಕರೆಯುವ ಹಾಡಿನ ಮೊದಲ ಸೊಲ್ಲು ಎತ್ತುವವಳು ನಾನು. ಸಾಗರದಿಂದ ಹೊಸನಗರದವರೆಗೂ ವೀಳ್ಯ ಕೊಟ್ಟು ಕರೆಯುತ್ತಾರೆ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೆ ನಾವು ಮಾತು ಬಿಟ್ಟು ಹದಿನೆಂಟು ವರ್ಷವಾಯಿತು. ಮರೆತಿರಬಹುದೆಂದು ಬರೆದೆ.

ಮಾತು ಬಿಟ್ಟವರು ಪತ್ರ ಬರೆಯಬಾರದೆಂದು ಯಾರೂ ಹೇಳಿಲ್ಲ. ಆದ್ದರಿಂದ ನನ್ನ ಹಟ ಮುರಿಯಿತೆಂದು ತಿಳಿಯಬೇಡ.

ನನ್ನ ಮೊಮ್ಮಗಳು ಬಿಂದುವಿಗೆ ಮೇ ನಾಲ್ಕಕ್ಕೆ ಮದುವೆ. ಮಂಗಳಪತ್ರ ಬೇರೆಯಾಗಿ ಬರುತ್ತದೆ. ಹುಡುಗಿ ಬುಟ್ಟಿಯ ಮೇಲೆ, ಬಟ್ಟೆಯ ಮೇಲೆ ಚಿತ್ತಾರ ಬರೆದು ಸಾಗರದ ಅಂಗಡಿಗೆ ಕೊಡುತ್ತಾಳೆ. ಕೈ ಒಳ್ಳೆಯದು. ಆದರೆ ಬಣ್ಣ ಆರುವವರೆಗೆ ಫೋನಿನಲ್ಲಿ ಆಟ ಆಡುತ್ತಾಳೆ. ಒಬ್ಬಳು ಹೆಂಗಸು ಕಂದೀಲು ಹಿಡಿದು ಕೋಟೆಯ ಮೆಟ್ಟಿಲು ಹತ್ತುವುದು, ಬೀಳುವುದು, ಮತ್ತೆ ಹತ್ತುವುದು. ಇದೇ ಆಟ. ಬೀಳುವುದು ಅವಳ ಪಾಡು, ನನಗೇನು? ನನ್ನ ತಕರಾರು ಅದರ ಸಂಗೀತದ ಮೇಲೆ. ಬೆಳಿಗ್ಗೆ ಗಂಜಿ ಬಸಿಯುವಾಗ ಅದು, ಹೂವು ಕಟ್ಟುವಾಗ ಅದು. ಸದ್ದು ಆರಿಸು ಎಂದರೆ, "ಅಜ್ಜೀ, ಮ್ಯೂಸಿಕ್ ಇಲ್ದೆ ಆಡಿದ್ರೆ ಕಾಲು ಎಲ್ಲಿ ಇಡ್ಬೇಕು ಅಂತ್ಲೇ ಗೊತ್ತಾಗಲ್ಲ" ಎನ್ನುತ್ತಾಳೆ. ಕಾಲಿಗೂ ಕಿವಿಗೂ ಏನು ಸಂಬಂಧವೋ ನನಗಂತೂ ತಿಳಿಯಲಿಲ್ಲ. ನಿಮ್ಮ ಅರಳಸುರಳಿಯ ಕಡೆಯೂ ಈ ಕಾಟ ಇದೆಯೇ?

ಇನ್ನೊಂದು ಸಣ್ಣ ವಿಷಯ. ಹಸೆಗೆ ಕರೆಯುವ ಹಾಡಿನಲ್ಲಿ ಧಾಟಿ ಕೆಳಗಿಳಿಯುವ ಒಂದು ತಿರುವು ಇದೆಯಲ್ಲ, ಅತ್ತೆ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದು. ಅದು ನಿನಗೆ ಇನ್ನೂ ನೆನಪಿದೆಯೋ ಇಲ್ಲವೋ ನೋಡಬೇಕೆನಿಸಿತು. ನೆನಪಿದ್ದರೆ ಹೇಗಿದೆ ಎಂದು ಬರೆ. ನನಗೆ ಗೊತ್ತಿದೆ. ನಿನ್ನನ್ನು ಪರೀಕ್ಷಿಸಲು ಕೇಳಿದ್ದು.

ಕನ್ನಮ್ಮ


ಅರಳಸುರಳಿ, ತೀರ್ಥಹಳ್ಳಿ ತಾಲ್ಲೂಕು
11 ಫೆಬ್ರುವರಿ 2025

ಕನ್ನಮ್ಮಕ್ಕನಿಗೆ ನಮಸ್ಕಾರ,

ಅಂಚೆಯವರು ಕಾಗದ ಕೊಟ್ಟಾಗ ಬ್ಯಾಂಕಿನ ನೋಟೀಸು ಎಂದುಕೊಂಡೆ. ಅಕ್ಷರ ನೋಡಿ ಕೂತುಬಿಟ್ಟೆ. ಹೇಗೂ ಕೂರಲೇಬೇಕು ಬಿಡು, ಮಂಡಿ ಆಪರೇಷನ್ ಆಗಿ ಏಳು ತಿಂಗಳಾಯಿತು. ಮಗಳು ಅಂಗನವಾಡಿಗೆ ಹೋದರೆ ಸಂಜೆಯವರೆಗೆ ಈ ಜಗುಲಿ, ನಾನು, ಎದುರಿನ ಹುಣಸೆಮರ.

ಬಿಂದುವಿಗೆ ಮದುವೆ ಎಂದು ಓದಿ ಸಂತೋಷವಾಯಿತು.

ನೀನು ಹೇಳಿದ ಕಂದೀಲಿನ ಆಟ ನಮ್ಮ ಮನೆಯಲ್ಲೂ ಇದೆ. ಕೇಳಿ ಕೇಳಿ ನನಗೂ ಬಾಯಿಪಾಠ. ಆದರೆ ಅಕ್ಕಾ, ಅದು ಒಂದೇ ಧಾಟಿಯಲ್ಲ. ಸರಿಯಾಗಿ ಕಿವಿಗೊಟ್ಟರೆ ಮೂರು ಇವೆ. ಮೆಟ್ಟಿಲು ಹತ್ತುವಾಗಿನದು ಒಂದು. ಕಂದೀಲಿಗೆ ಎಣ್ಣೆ ತುಂಬಿಸಿಕೊಳ್ಳಲು ಬಾವಿಕಟ್ಟೆಯ ಹತ್ತಿರ ನಿಂತಾಗ ಇನ್ನೊಂದು, ಬರೀ ಎರಡು ಸ್ವರ, ನಡುವೆ ನೀರು ತೊಟ್ಟಿಕ್ಕುವ ಸದ್ದು. ಅಲ್ಲಿ ಯಾವ ಕೇಡೂ ಬರುವುದಿಲ್ಲ. ಆ ಎರಡು ಸ್ವರ ಕಿವಿಗೆ ಬಿದ್ದೊಡನೆ ಭುಜ ತಾನಾಗಿ ಇಳಿಯುತ್ತದೆ. ಮೂರನೆಯದು ಬಿದ್ದಾಗ ಬರುವುದು. ಅಳುವ ಧಾಟಿ ಮಾಡಬಹುದಿತ್ತು, ಮಾಡಿಲ್ಲ. ಏಳು, ಏನೂ ಆಗಿಲ್ಲ ಎನ್ನುವ ಹಾಗಿದೆ.

ಹತ್ತುವ ಧಾಟಿ ತಲೆಯಿಂದ ಹೋಗದಿರುವುದಕ್ಕೆ ಕಾರಣ ನನಗೆ ಹೊಳೆದಿದೆ. ಆಡುವವಳು ಒಂದು ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾಳೋ ಅದನ್ನು ಕಟ್ಟಿದವನಿಗೆ ಗೊತ್ತಿಲ್ಲ. ಅದಕ್ಕೆ ಕೊನೆಯನ್ನು ಮೊದಲಿಗೆ ಸೇರಿಸಿಬಿಟ್ಟಿದ್ದಾನೆ. ಬುಟ್ಟಿಯ ಬಾಯಿ ಕಟ್ಟಿದ ಮೇಲೆ ಬೆತ್ತ ಎಲ್ಲಿ ಶುರುವಾಯಿತೆಂದು ಕಾಣುತ್ತದೆಯೇ? ನಮ್ಮ ಬೀಸುವ ಹಾಡೂ ಹಾಗೇ ಇತ್ತಲ್ಲ, ರಾಗಿ ಮುಗಿಯುವವರೆಗೆ ಹಾಡು. ಕೈಕಟ್ಟಿ ಕೂತು ಕೇಳಿದ ಹಾಡು ಮರೆತುಹೋಗುತ್ತದೆ ಅಕ್ಕಾ. ಕೈ ಏನಾದರೂ ಮಾಡುತ್ತಿರುವಾಗ ಕಿವಿಗೆ ಬಿದ್ದದ್ದು ಉಳಿಯುತ್ತದೆ.

ತಿರುವಿನ ವಿಷಯ. ನನಗೆ ನೆನಪಿದೆ. ಆದರೆ ಧಾಟಿಯನ್ನು ಕಾಗದದಲ್ಲಿ ಬರೆಯುವುದು ಹೇಗೆ? ಮಗಳ ನಂಬರ್ ಕೆಳಗೆ ಹಾಕಿದ್ದೇನೆ. ಫೋನ್ ಮಾಡು, ಹಾಡುತ್ತೇನೆ.

ನಿನ್ನ
ಯಮುನಾ


ಕೆಳದಿ
16 ಫೆಬ್ರುವರಿ 2025

ಯಮುನಮ್ಮನಿಗೆ,

ಫೋನ್ ಮಾಡುವುದಿಲ್ಲ. ನಾನು ಮೊದಲು ಮಾತಾಡಿದೆನೆಂದು ನೀನು ಊರಿಗೆಲ್ಲ ಹೇಳಲು ಹೂಡಿದ ಉಪಾಯ ನನಗೆ ತಿಳಿಯದ್ದಲ್ಲ.

ಆಟದ ಸಂಗೀತದ ಬಗ್ಗೆ ಇಷ್ಟೊಂದು ಬರೆದಿದ್ದೀಯ. ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಅರ್ಥವಾದ ಅರ್ಧದಿಂದ ಗಾಬರಿಯಾಯಿತು. ಅದಕ್ಕಾಗಿ ಒಂದು ವಿಷಯ ಹೇಳುತ್ತೇನೆ. ನಿನ್ನ ಮಗಳಿಗೂ ಹೇಳಕೂಡದು.

ಹೋದ ತಿಂಗಳು ಹೊಸನಗರದಲ್ಲಿ ಒಂದು ಮದುವೆ. ವೀಳ್ಯ ತೆಗೆದುಕೊಂಡು ಹೋಗಿದ್ದೆ. ಮದುಮಗಳು ಹೊಸಿಲ ಮೇಲೆ ನಿಂತಳು. ಚಿತ್ತಾರದ ಗೋಡೆಯ ಮುಂದೆ ಹಸೆ ಹಾಸಿತ್ತು. ನಾನು ಬಾಯಿ ತೆರೆದೆ. ಪದಗಳು ನಮ್ಮವೇ ಬಂದವು. ಧಾಟಿ ಬಂದದ್ದು ಆ ಕಂದೀಲಿನ ಆಟದ್ದು!

ನಿಲ್ಲಿಸುವ ಹಾಗಿಲ್ಲ. ಸೊಲ್ಲು ಎತ್ತಿದ ಮೇಲೆ ಅರ್ಧಕ್ಕೆ ಬಿಟ್ಟರೆ ಮದುಮಗಳಿಗೆ ಒಳ್ಳೆಯದಲ್ಲ. ಹಿಂದೆ ಹೂವಪ್ಪನ ಹೆಂಡತಿ ಮತ್ತು ಆರು ಜನ. ನಮ್ಮ ಕ್ರಮ ನಿನಗೆ ಗೊತ್ತು. ಮುಂದಿನವಳು ಹೇಗೆ ಹೇಳಿದಳೋ ಹಿಂದಿನವರು ಹಾಗೇ ಹೇಳಬೇಕು, ಅಲ್ಲಿ ತಪ್ಪು ಒಪ್ಪು ನೋಡುವಂತಿಲ್ಲ. ಏಳೂ ಜನ ಹಾಗೇ ಹೇಳಿದರು. ಒಬ್ಬಳಾದರೂ ತಡೆದಿದ್ದರೆ ಎಂದುಕೊಂಡೆ. ತಡೆದಿದ್ದರೆ ನಾನೇ ಅವಳನ್ನು ಬಿಡುತ್ತಿರಲಿಲ್ಲ, ಅದೂ ನಿಜ.

ಮುಗಿದ ಮೇಲೆ ಯಾರಾದರೂ ನಗುತ್ತಾರೆಂದು ಕಾದೆ. ಗಂಡಿನ ಕಡೆಯ ಒಬ್ಬಳು ಬಂದು, "ಇದ್ಯಾವ ಊರಿನ ಧಾಟಿ ಅಮ್ಮಾ? ಬಾಳ ಚಂದ ಐತೆ. ನಮ್ ಹುಡುಗಿ ಮದ್ವೇಗೂ ನೀವೇ ಬರ್ಬೇಕು" ಎಂದಳು. "ನಮ್ಮತ್ತೆ ಕಾಲದ್ದು" ಎಂದುಬಿಟ್ಟೆ. ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಇನ್ನೊಂದು ಅವಮಾನ. ಈಗ ಮೂರು ಮನೆಯವರು ಅದೇ ಧಾಟಿ ಬೇಕೆನ್ನುತ್ತಿದ್ದಾರೆ. ತಪ್ಪನ್ನು ತಪ್ಪೆಂದು ಬೈದರೆ ನನಗೆ ಅರ್ಥವಾಗುತ್ತದೆ. ತಪ್ಪಿಗೆ ವೀಳ್ಯ ಕೊಟ್ಟು ಮತ್ತೆ ಕರೆದರೆ ಅದನ್ನು ಏನೆಂದು ತಿಳಿಯುವುದು?

ಅಂದಿನಿಂದ ನನ್ನ ಹಳೆಯ ಧಾಟಿ ಬರುವುದೇ ಇಲ್ಲ. ಬಚ್ಚಲಲ್ಲಿ ಒಬ್ಬಳೇ ಹಾಡಿ ನೋಡಿದೆ. ಆ ಕಂದೀಲಿನವಳೇ ಮೆಟ್ಟಿಲು ಹತ್ತುತ್ತಾಳೆ. ನನ್ನ ತಾಯಿಗೆ ಕೊನೆಗಾಲದಲ್ಲಿ ಮಕ್ಕಳ ಹೆಸರು ಮರೆತಿತ್ತು. ಅದು ನನ್ನಲ್ಲಿ ಹಾಡಿನಿಂದ ಶುರುವಾಯಿತೋ ಏನೋ. ಮೇ ನಾಲ್ಕಕ್ಕೆ ನನ್ನ ಮೊಮ್ಮಗಳು ಹೊಸಿಲ ಮೇಲೆ ನಿಂತಾಗ ನಾನು ಏನು ಹಾಡಲಿ?

ಆ ದಿನ ಸರಿಯಾಗಿದ್ದುದು ಒಂದೇ. ಮದುಮಗಳ ನಡಿಗೆ. ಈಗಿನ ಹುಡುಗಿಯರು ಹಾಡು ಮುಗಿದರೂ ಹಸೆ ಮುಟ್ಟುವುದಿಲ್ಲ. ಪ್ರತಿ ಮದುವೆಯಲ್ಲೂ ಬೈದು ಬೈದು ಸಾಕಾಗಿದೆ. ಅವಳೊಬ್ಬಳು ಮಾತ್ರ ತಿರುವಿಗೆ ಸರಿಯಾಗಿ ಬಲಗಾಲಿಟ್ಟಳು. ಒಳ್ಳೆಯ ಮನೆಯ ಹುಡುಗಿ.

ತಿರುವನ್ನು ಹೇಗಾದರೂ ಮಾಡಿ ಬರೆದು ಕಳಿಸು. ಇದು ಪರೀಕ್ಷೆಯಲ್ಲ.

ಕನ್ನಮ್ಮ


ಅರಳಸುರಳಿ
25 ಫೆಬ್ರುವರಿ 2025

ಅಕ್ಕಾ,

ಮೂರು ಕಾಗದ ಹರಿದು ನಾಲ್ಕನೆಯದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಗುಟ್ಟು. ಕಂದೀಲಿನ ಆಟ ಆಡುವವಳು ನಾನೇ. ಆಪರೇಷನ್ ಆದ ಮೇಲೆ ಬೇಸರ ಕಳೆಯಲಿ ಎಂದು ಮಗಳು ಹಳೆಯ ಫೋನ್ ಕೊಟ್ಟಳು. ಈಗ "ಅಮ್ಮಾ, ಊಟಕ್ಕೆ ಬತ್ತೀಯಾ ಇಲ್ಲ ಆ ಕೋಟೆಯಾಗೇ ಇರ್ತೀಯಾ?" ಎಂದು ಅಣಕಿಸುತ್ತಾಳೆ. ಇಷ್ಟು ಹತ್ತಿರದ ಕವಲೇದುರ್ಗದ ಕೋಟೆಯನ್ನು ನಾನು ಈ ಜನ್ಮದಲ್ಲಿ ಹತ್ತಲಾರೆ. ಆಟದ ಕೋಟೆಯನ್ನು ಏಳು ಸಲ ಹತ್ತಿದ್ದೇನೆ. ಅರವತ್ತೊಂದರ ಹೆಂಗಸು ಆಟ ಆಡುತ್ತಾಳೆಂದು ನಿನಗೆ ಹೇಳಲು ನಾಚಿಕೆಯಾಗಿತ್ತು.

ಎರಡನೆಯ ಗುಟ್ಟು. ಹೊಸನಗರದ ವಿಡಿಯೋವನ್ನು ಬಿಂದು ನನಗೆ ಆಗಲೇ ಕಳಿಸಿದ್ದಳು. ಅವಳು ನನ್ನೊಡನೆ ಮೊದಲಿನಿಂದಲೂ ಮಾತಾಡುತ್ತಾಳೆ. ಬೈಯಬೇಡ. ನಿನ್ನ ಮೊದಲ ಕಾಗದ ಬರುವ ಹೊತ್ತಿಗೆ ನಾನು ಅದನ್ನು ಇಪ್ಪತ್ತು ಸಲ ಕೇಳಿಯಾಗಿತ್ತು. ನೀನಾಗಿ ಹೇಳಲಿ ಎಂದು ಸುಮ್ಮನಿದ್ದೆ.

ನಿನ್ನ ತಲೆ ಕೆಟ್ಟಿಲ್ಲ. ನೀನು ಹಾಡಿದ್ದರಲ್ಲಿ ಹತ್ತುವ ಭಾಗ ಆಟದ್ದು, ಅದು ನಿಜ. ಆದರೆ ತಿರುವು ಆಟದಲ್ಲಿ ಇಲ್ಲ. ಅನುಮಾನ ಬಂದು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಆಡಿ ನೋಡಿದೆ. ಎಲ್ಲೂ ಇಲ್ಲ. ಅದು ಅತ್ತೆಯ ತಿರುವು. ಅತ್ತೆ ಹೇಗೆ ಇಳಿಸುತ್ತಿದ್ದರೋ ಹಾಗೇ, ನಿಧಾನವಾಗಿ, ನಡುವೆ ಒಂದು ಉಸಿರು ನಿಲ್ಲಿಸಿ.

ಈಗ ಬರೆಯುವುದನ್ನು ಕೂತು ಓದು. ಈ ಹದಿನೆಂಟು ವರ್ಷ ನೀನು ಅದನ್ನು ಹಾಗೆ ಹಾಡಿಲ್ಲ. ಬಿಂದು ಕಳಿಸಿದ ಹಳೆಯ ಮದುವೆಗಳ ವಿಡಿಯೋ ಎಲ್ಲ ನನ್ನ ಹತ್ತಿರ ಇವೆ. ತಿರುವಿನಲ್ಲಿ ನೀನು ಓಡುತ್ತೀಯ. ಅದಕ್ಕೇ ಮದುಮಗಳಿಗೆ ತಡವಾಗುವುದು. ಹುಡುಗಿಯರ ನಡಿಗೆ ಸರಿಯಾಗೇ ಇದೆ. ಆ ಉಸಿರನ್ನು ಅತ್ತೆ ಇಟ್ಟದ್ದು ಅವಳ ಬಲಗಾಲು ಹಸೆ ಮುಟ್ಟಲಿ ಎಂದು. ಹೊಸನಗರದಲ್ಲಿ ಆಟದ ಧಾಟಿ ನಿನ್ನನ್ನು ಓಡಲು ಬಿಡಲಿಲ್ಲ. ಅದನ್ನು ಕಟ್ಟಿರುವುದು ನಡೆಯುವವಳಿಗಾಗಿ. ಅವಳ ಹೆಜ್ಜೆಗೆ ಅದು ಕಾಯುತ್ತದೆ. ಅದರ ಜೊತೆ ನೀನೂ ಕಾದೆ.

ಅತ್ತೆ ಹಾಸಿಗೆ ಹಿಡಿದಾಗ ನನ್ನನ್ನು ಕರೆದು, "ಕನ್ನಿ ತಿರುವ್ನಾಗೆ ಅವಸ್ರ ಮಾಡ್ತಾಳೆ ಕಣೇ. ನೀನಾದ್ರೂ ಉಳಿಸ್ಕ" ಎಂದಿದ್ದರು. ಅವರು ಹೋದ ಮರುವರ್ಷದ ಮದುವೆಯಲ್ಲಿ ನಿನಗಿಂತ ಮೊದಲು ನಾನು ಸೊಲ್ಲು ಎತ್ತಿದ್ದು ಅದಕ್ಕೆ.

ಯಮುನಾ


ಕೆಳದಿ
3 ಮಾರ್ಚ್ 2025

ಯಮುನಮ್ಮನಿಗೆ,

ಕಾಗದ ತಲುಪಿತು.

ಸತ್ತವರ ಬಾಯಲ್ಲಿ ಮಾತು ಇಡುವುದು ಸುಲಭ. ಅವರು ಎದ್ದು ಬಂದು ಇಲ್ಲ ಎನ್ನುವುದಿಲ್ಲ. ಅತ್ತೆಗೆ ಹನ್ನೊಂದು ತಿಂಗಳು ಗಂಜಿ ಕುಡಿಸಿದವಳು ನಾನು. ನನ್ನ ಎದುರಿಗೆ ಹೇಳದ್ದನ್ನು ನಿನ್ನ ಕಿವಿಯಲ್ಲಿ ಹೇಳಿದರೇ?

ಹದಿನೆಂಟು ವರ್ಷದಲ್ಲಿ ನೂರಾರು ಮದುವೆ. ಒಬ್ಬರೂ ಕಾಣದ ತಪ್ಪನ್ನು ನೀನು ಅಂಗೈ ಅಗಲದ ಫೋನಿನಲ್ಲಿ ಕಂಡೆ. ಸಂತೋಷ. ನೀನು ನಿನ್ನ ಕೋಟೆ ಹತ್ತು. ನನ್ನ ಮೊಮ್ಮಗಳ ಹಸೆಯ ಚಿಂತೆ ನನಗಿರಲಿ.

ಇನ್ನು ಬರೆಯಬೇಡ.

ಕನ್ನಮ್ಮ


ಅರಳಸುರಳಿ
22 ಮಾರ್ಚ್ 2025

ಅಕ್ಕಾ,

ಬರೆಯಬೇಡ ಎಂದಿದ್ದೀಯ. ಇದೊಂದನ್ನು ಬರೆದು ನಿಲ್ಲಿಸುತ್ತೇನೆ.

ಅತ್ತೆ ಹೇಳಿದ್ದು ನಿಜ, ಅದರಲ್ಲಿ ಒಂದಕ್ಷರವನ್ನೂ ನಾನು ಸೇರಿಸಿಲ್ಲ. ಆದರೆ ಅವರು ಹೇಳಿದ್ದರಿಂದಲೇ ಆ ದಿನ ಸೊಲ್ಲು ಎತ್ತಿದೆ ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ನನಗೂ ಸೊಲ್ಲು ಎತ್ತುವವಳ ಮುಂದಿನ ಮಣೆಯ ಮೇಲೆ ಕೂರುವ ಆಸೆಯಿತ್ತು. ಅತ್ತೆಯ ಮಾತು ಒಂದು ನೆಪವಾಗಿ ಸಿಕ್ಕಿತು. ನಿನಗೆ ಬೇರೆಯಾಗಿ ಕರೆದು ಹೇಳಬಹುದಿತ್ತು. ಹೇಳದೆ ಹತ್ತು ಜನರ ನಡುವೆ ನಿನ್ನ ಬಾಯಿಂದ ಹಾಡು ಕಸಿದುಕೊಂಡೆ. ಅದಕ್ಕೆ ನೀನು ಮಾತು ಬಿಟ್ಟದ್ದು ಸರಿಯೇ.

ಮದುವೆಗೆ ನಾನು ಬರುವುದು ಬೇಡವಾದರೆ ಬರುವುದಿಲ್ಲ. ತಿರುವು ನನಗಿಂತ ಚೆನ್ನಾಗಿ ನಿನ್ನ ಗಂಟಲಲ್ಲೇ ಇದೆ, ಹೊಸನಗರದಲ್ಲಿ ಬಂತಲ್ಲ. ಬಿಂದುವಿನ ಫೋನ್ ಇಸಕೊಂಡು ಒಂದು ದಿನ ಆಡಿ ನೋಡು. ಹತ್ತುವುದು ಮುಖ್ಯವಲ್ಲ, ಬೀಳು. ಬಿದ್ದಷ್ಟೂ ಸಲ ಅದೇ ಧಾಟಿ ಮೊದಲಿನಿಂದ ಬರುತ್ತದೆ. ನಮಗೆ ಹಾಡು ಬಂದದ್ದೂ ಹಾಗೇ ಅಲ್ಲವೇ, ಎಷ್ಟು ಸಲ ತಪ್ಪಿದೆವೋ ಅಷ್ಟು ಸಲ ಅತ್ತೆ ಮೊದಲಿನಿಂದ ಹಾಡುತ್ತಿದ್ದರು.

ಯಮುನಾ


ಕೆಳದಿ
16 ಏಪ್ರಿಲ್ 2025

ಯಮುನಾ,

ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಮೂರು ವಾರವಾಯಿತು. ಸಿಟ್ಟಿನಿಂದಲ್ಲ. ಆಡುತ್ತಿದ್ದೆ.

ಬಿಂದುವನ್ನು ಕರೆದು, "ಆ ಫೋನ್ ಕೊಡು, ಅದರಲ್ಲಿ ಅಂಥದ್ದೇನಿದೆ ನೋಡ್ತೀನಿ" ಎಂದೆ. ಅವಳು ನನ್ನ ಮುಖ ನೋಡಿದಳು. "ಅಜ್ಜೀ, ಹುಷಾರಿದೀಯಾ?" "ಹುಷಾರಿಲ್ದಿದ್ರೆ ಕಷಾಯ ಕೇಳ್ತಿದ್ದೆ, ಫೋನ್ ಕೇಳ್ತಿರ್ಲಿಲ್ಲ. ಕೊಡು" ಎಂದೆ.

ಹನ್ನೊಂದು ದಿನ ಆಡಿದೆ. ಮೂರನೆಯ ಮೆಟ್ಟಿಲಸಾಲು ದಾಟಲಾಗಲಿಲ್ಲ. ನನಗೆ ಅರವತ್ತಾರು, ನಾನು ಯಾರಿಗೂ ಸೋತವಳಲ್ಲ, ಅದು ನಿನಗೆ ಗೊತ್ತು. ಆ ಕಂದೀಲಿನವಳು ನನ್ನ ಕೈಯಲ್ಲಿ ಎಷ್ಟು ಸಲ ಬಿದ್ದಳೋ ಲೆಕ್ಕವಿಲ್ಲ. ಮೊದಮೊದಲು ಬಿದ್ದಾಗ ಬರುವ ಧಾಟಿ ನನ್ನನ್ನು ಅಣಕಿಸಿದಂತೆ ಕೇಳಿಸಿತು. ನಾಲ್ಕನೆಯ ದಿನಕ್ಕೆ ಹಾಗೆ ಕೇಳಿಸಲಿಲ್ಲ. ಧಾಟಿ ಅದೇ. ಬದಲಾದದ್ದು ಏನೆಂದು ನನಗೆ ಇನ್ನೂ ತಿಳಿದಿಲ್ಲ. ಬಾವಿಕಟ್ಟೆಯ ಎರಡು ಸ್ವರದ ಬಗ್ಗೆ ನೀನು ಬರೆದದ್ದು ಸರಿ. ಅಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದೆ. "ಅಜ್ಜೀ, ಎಣ್ಣೆ ತುಂಬ್ತಲ್ಲ, ಇನ್ನೂ ಯಾಕೆ ನಿಂತೀಯ?" ಎಂದು ಬಿಂದು ನಗುತ್ತಿದ್ದಳು.

ಒಮ್ಮೆ ಸದ್ದು ಆರಿಸಿ ಆಡಿದೆ. ಮೊದಲ ಸಾಲಿನಲ್ಲೇ ಬಿದ್ದೆ. ಧಾಟಿಯ ಆಸರೆ ಇಲ್ಲದೆ ಕಾಲು ಮುಂದೆ ಮುಂದೆ ಓಡಿತು. ಫೋನ್ ಕೆಳಗಿಟ್ಟೆ. ಇದನ್ನೇ ಹುಡುಗಿ ಮೊದಲ ದಿನವೇ ಹೇಳಿದ್ದಳು.

ಆಮೇಲೆ ಬಿಂದುವಿಗೆ ಹಳೆಯ ವಿಡಿಯೋ ಎಲ್ಲ ಹಾಕಲು ಹೇಳಿದೆ. ನನ್ನ ಮುಖ ನೋಡಲಿಲ್ಲ. ಮದುವಣಗಿತ್ತಿಯರ ಪಾದ ನೋಡಿದೆ. ಹೋದ ವರ್ಷದ ಹುಡುಗಿ, ಅದರ ಹಿಂದಿನ ವರ್ಷದವಳು, ಅದಕ್ಕೂ ಹಿಂದಿನವಳು. ಪ್ರತಿಯೊಬ್ಬಳ ಕಾಲೂ ಹಸೆಯಿಂದ ಒಂದು ಮಾರು ದೂರದಲ್ಲಿರುವಾಗಲೇ ನನ್ನ ಹಾಡು ಮುಗಿದಿದೆ. ಅದರ ಮೇಲೆ ನನ್ನ ಬೈಗುಳ: "ಎಂಥಾ ನಡಿಗೆಯೇ ನಿಂದು? ಹಾಡು ಮುಗುದ್ರೂ ಹಸೆ ಮುಟ್ಲಿಲ್ಲ!" ಒಬ್ಬಳು ಗಾಬರಿಯಿಂದ ಸೀರೆ ಎಡವುತ್ತಾಳೆ. ಹೊಸನಗರದ ಆ ಹುಡುಗಿಯ ಕಾಲು ಮಾತ್ರ ತಿರುವಿಗೆ ಸರಿಯಾಗಿ ಹಸೆಯ ಮೇಲೆ. ಆಗ ಅತ್ತೆಯ ಕೈ ನೆನಪಾಯಿತು. ತಿರುವಿನಲ್ಲಿ ಅಂಗೈಯನ್ನು ತೊಡೆಯ ಮೇಲೆ ಒತ್ತಿ ಹಿಡಿಯುತ್ತಿದ್ದರಲ್ಲ. ಅವರಿಗೆ ಸೊಂಟ ನೋವೆಂದು ನಾನು ತಿಳಿದಿದ್ದೆ. ಅದು ತಡೆ ಎಂದು ನನಗೆ ಹೇಳಿದ ಮಾತಾಗಿತ್ತು.

ನನ್ನ ಎದುರಿಗೆ ಬಾಯಿಬಿಟ್ಟು ಯಾಕೆ ಹೇಳಲಿಲ್ಲ? ಬಹಳ ಯೋಚಿಸಿದೆ. ನನಗೆ ಹೇಳಲು ಅವರಿಗೂ ಹೆದರಿಕೆಯಿತ್ತೇ? ಹಾಗಿದ್ದರೆ ನಾನು ಎಂಥವಳು? ಇದಕ್ಕೆ ನೀನು ಉತ್ತರ ಬರೆಯಬೇಡ.

ನಿನ್ನ ಲೆಕ್ಕದಲ್ಲಿ ಒಂದು ತಪ್ಪಿದೆ. ತಿರುವು ನನ್ನ ಗಂಟಲಲ್ಲಿ ಇದೆ ಎಂದೆಯಲ್ಲ. ಇದೆ. ಆದರೆ ಆಟದ ಧಾಟಿಯಿಂದ ಹೊರಟರೆ ಮಾತ್ರ ಬರುತ್ತದೆ. ಅತ್ತೆಯ ಧಾಟಿಯಿಂದ ಹೊರಟರೆ ಮತ್ತೆ ಓಡುತ್ತೇನೆ. ಬಚ್ಚಲಲ್ಲಿ, ಹಿತ್ತಲಲ್ಲಿ, ಎಲ್ಲಾ ಕಡೆ ಹಾಡಿ ನೋಡಿದೆ. ಹದಿನೆಂಟು ವರ್ಷದ ಓಟ ಹನ್ನೊಂದು ದಿನದಲ್ಲಿ ನಿಲ್ಲಲಿಲ್ಲ. ಹಾಗಾದರೆ ನನ್ನ ಬಾಯಲ್ಲಿ ಯಾವುದು ಸರಿ? ಅರ್ಧ ಪರರದ್ದಾದ ಆದರೆ ಹೆಜ್ಜೆಗೆ ಕೂಡುವ ಹಾಡೇ, ಪೂರ್ತಿ ನಮ್ಮದೇ ಆದ ಆದರೆ ಹುಡುಗಿಯನ್ನು ನಡುದಾರಿಯಲ್ಲಿ ಬಿಡುವ ಹಾಡೇ? ಬಿಂದುವನ್ನೇ ಕೇಳಿದೆ. "ನಂಗೆ ಗೊತ್ತಿಲ್ಲ ಅಜ್ಜೀ. ನಾನು ಎಡವ್ಬಾರ್ದು, ಅಷ್ಟೇ" ಎಂದಳು. ಉಳಿದ ಗೊಂದಲವೆಲ್ಲ ನನಗೇ ಇರಲಿ. ಅವಳು ಕೇಳಿದ್ದು ಅದೊಂದೇ.

ಪೂರ್ತಿ ಅತ್ತೆಯದೇ ಆಗಿದ್ದು ಹೆಜ್ಜೆಗೂ ಕಾಯುವ ಹಾಡು ಈಗ ಒಬ್ಬಳಲ್ಲಿ ಮಾತ್ರ ಇದೆ.

ನಿನ್ನೆ ನಮ್ಮ ಮನೆಯಲ್ಲಿ ಅರಿಸಿನ ಕುಟ್ಟುವ ಶಾಸ್ತ್ರವಾಯಿತು. ಕೇರಿಯ ಹೆಂಗಸರೆಲ್ಲ ಸೇರಿದ್ದರು. ಒನಕೆಗೆ ಕೈ ಹಾಕುವ ಮೊದಲು ನಾನೇ ಎದ್ದು ನಿಂತು ಹೇಳಿದೆ. ಹದಿನೆಂಟು ವರ್ಷ ತಿರುವು ತಪ್ಪಾಗಿತ್ತು, ತಪ್ಪು ನನ್ನದು, ಹುಡುಗಿಯರ ನಡಿಗೆಯದಲ್ಲ. ಹೊಸನಗರದ ಧಾಟಿ ಅತ್ತೆ ಕಾಲದ್ದೆಂದು ನಾನು ಹೇಳಿದ್ದೂ ಸುಳ್ಳು. ಹೂವಪ್ಪನ ಹೆಂಡತಿ ಮೆಲ್ಲಗೆ, "ನಂಗೆ ಗೊತ್ತಿತ್ತು ಕನ್ನಮ್ಮಕ್ಕ. ಹಿಂದೆ ಹೇಳೋರು ಹೇಳೋ ಹಂಗಿಲ್ವಲ್ಲ" ಎಂದಳು. ಹದಿನೆಂಟು ವರ್ಷ ಅವಳು ನನ್ನ ಬೆನ್ನ ಹಿಂದೆಯೇ ಕೂತಿದ್ದಳು.

ಈ ಕಾಗದವನ್ನು ಅಂಚೆಗೆ ಹಾಕಿಲ್ಲ. ಇದನ್ನು ನಿನ್ನ ಕೈಗೆ ಕೊಟ್ಟು ಎದುರು ನಿಂತವಳು ಬಿಂದು. ಬೆಳಗಿನ ಬಸ್ಸಿಗೆ ಹತ್ತಿಸಿದ್ದೇನೆ. ಕಾಗದದ ಜೊತೆ ವೀಳ್ಯವನ್ನೂ ಕೊಟ್ಟಿರುತ್ತಾಳೆ. ಮದುಮಗಳೇ ವೀಳ್ಯ ತಂದರೆ ಒಲ್ಲೆ ಎನ್ನುವ ಕ್ರಮ ನಮ್ಮಲ್ಲಿಲ್ಲ. ಮಂಡಿ ನೋವೆಂದು ಹೇಳಬೇಡ. ಮುಂದಿನ ಮಣೆಗೆ ಒರಗು ದಿಂಬು ಹಾಕಿಸಿದ್ದೇನೆ.

ನಾನು ಮಾತು ಬಿಟ್ಟದ್ದು ಬಿಟ್ಟ ಹಾಗೇ ಇದೆ, ನೆನಪಿರಲಿ. ಆದರೆ ಮುಂದಿನವಳು ಹೇಳಿದ್ದನ್ನು ಹಿಂದಿನವಳು ಹೇಳುವುದು ಮಾತಾಡಿದ ಹಾಗಲ್ಲ.

ನನ್ನ ಮಣೆಯನ್ನು ನಿನ್ನೆಯೇ ಎರಡನೆಯ ಸಾಲಿಗೆ, ಹೂವಪ್ಪನ ಹೆಂಡತಿಯ ಪಕ್ಕಕ್ಕೆ ಹಾಕಿಕೊಂಡೆ. ಅರಿಸಿನ ಕುಟ್ಟುವ ಹಾಡನ್ನು ಅಲ್ಲಿಂದಲೇ ಹಾಡಿದೆ.

ಕನ್ನಮ್ಮ